ಸಣ್ಣ ಕ್ಲಾಸಿನ ಕಪ್ಪು

ನನ್ನ ತಮ್ಮ ಮಾದೇವನಿಗೆ ದೊಡ್ಡ ರೇಸಿನ ಗಾಡಿ ಸಿಗದಂತೆ ಮಾಡಿದವನು ನಾನು. ತಂಡದ ಯಜಮಾನರಲ್ಲ, ಅವನ ಹಣೆಬರಹವೂ ಅಲ್ಲ — ನಾನು, ಅವನ ಒಡಹುಟ್ಟಿದ ಅಣ್ಣ. ಒಂದು ಮಾತು ಹೇಳಿ ತಪ್ಪಿಸಿದೆ. ಅದನ್ನು ಕೇಳಿಸಿಕೊಂಡವರು ಒಬ್ಬರೇ. ಅವರು ಈಗ ಬದುಕಿಲ್ಲ. ನಾನೂ ಬಾಯಿ ಮುಚ್ಚಿಕೊಂಡಿದ್ದರೆ ಆ ಮಾತು ನನ್ನ ಜೊತೆಗೇ ಮಣ್ಣಿಗೆ ಹೋಗುತ್ತಿತ್ತು. ಹೋಗಲಿ ಎಂದೇ ಬಹಳ ಕಾಲ ಅಂದುಕೊಂಡಿದ್ದೆ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಹುಣಸೂರಿನಲ್ಲಿ ಬೈಕು ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಬರೆದು ರೂಢಿಯಿಲ್ಲ, ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಸೂಪರ್‌ಕ್ರಾಸ್ ಎಂದರೆ ಬಯಲಿಗೆ ಲಾರಿಗಟ್ಟಲೆ ಮಣ್ಣು ಸುರಿದು, ದಿಬ್ಬ ಕಟ್ಟಿ, ತಿರುವು ಮಾಡಿ, ಟ್ಯಾಂಕರಿನಿಂದ ನೀರು ಹೊಡೆದು, ಅದರ ಮೇಲೆ ಬೈಕು ಹಾರಿಸುವ ಆಟ. ತೊಂಬತ್ತರ ದಶಕದಲ್ಲಿ ಮೈಸೂರಿನಲ್ಲಿ ನಡೆಯುತ್ತದೆಂದರೆ ಸಾಕು, ನಮ್ಮ ಹುಣಸೂರು, ಪಿರಿಯಾಪಟ್ಟಣದ ಹುಡುಗರು ಬಸ್ಸಿನ ಟಾಪ್ ಮೇಲೆ ಕೂತಾದರೂ ಹೋಗುತ್ತಿದ್ದರು. ಹೊಸಬರಿಗೆ ನೊವೀಸ್, ಪಳಗಿದವರಿಗೆ ಎಕ್ಸ್‌ಪರ್ಟ್. ನಾವು ಸಣ್ಣ ಕ್ಲಾಸು, ದೊಡ್ಡ ಕ್ಲಾಸು ಎನ್ನುತ್ತಿದ್ದೆವು.

ಸಣ್ಣ ಕ್ಲಾಸಿನ ಕಪ್ಪನ್ನು ನಮ್ಮ ಮನೆಗೆ ಮೊದಲು ತಂದವನು ನಾನು. ನಮ್ಮೂರು ಹನಗೋಡಿನಲ್ಲಿ ತಮಟೆ ಹೊಡೆಸಿ ಮೆರವಣಿಗೆ ಮಾಡಿದರು. ಆದರೆ ನಾನು ಹೇಗೆ ಗೆದ್ದೆ ಎಂಬುದು ನನಗೆ ಗೊತ್ತಿತ್ತು. ಎರಡು ವರ್ಷ ಸೋತು, ನನಗಿಂತ ಚೆನ್ನಾಗಿ ಓಡಿಸುವವರೆಲ್ಲ ಮೇಲಿನ ಕ್ಲಾಸಿಗೆ ಹೋದ ಮೇಲೆ, ಮೂರನೇ ವರ್ಷ ಗೆದ್ದೆ. ಬಾವುಟ ಬಿದ್ದ ಕ್ಷಣ ಕ್ಲಚ್ಚು ಬಿಡುವುದರಲ್ಲಿ ನನ್ನ ಕೈ ಚುರುಕು. ಮೊದಲ ತಿರುವಿಗೆ ಮುಂದೆ ಹೋಗಿ, ಇದ್ದ ಒಂದೇ ದಾರಿಗೆ ಅಡ್ಡ ಹಾಕಿಕೊಂಡರೆ ಸಣ್ಣ ಕ್ಲಾಸಿನಲ್ಲಿ ಯಾರೂ ದಾಟುವುದಿಲ್ಲ. ದೊಡ್ಡ ಕ್ಲಾಸಿನಲ್ಲಿ ಎಲ್ಲರ ಕೈಯೂ ಚುರುಕು. ಅಲ್ಲಿ ನನ್ನ ಹತ್ತಿರ ಬೇರೇನೂ ಇರಲಿಲ್ಲ. ಎರಡು ಸೀಸನ್ ಎಲ್ಲರ ಹಿಂದೆಯೇ ಓಡಿಸಿ, ಒಮ್ಮೆ ಬಿದ್ದು ಭುಜದ ಮೂಳೆ ಮುರಿದುಕೊಂಡು, ಬಿಟ್ಟುಬಿಟ್ಟೆ. ಊರಿನವರಿಗೆ ಮಾತ್ರ ಬೇರೆ ಹೇಳಿದೆ. ‘ದೊಡ್ಡ ಕ್ಲಾಸಲ್ಲಿ ನಮ್ಮಂಥ ಅಳ್ಳಿಯೋರ್ಗೆ ಜಾಗ ಎಲ್ಲದೆ? ಸಿಟಿ ಉಡುಗ್ರಿಗೇ ಒಳ್ಳೆ ಗಾಡಿ ಕೊಡದು.’ ಎಲ್ಲರೂ ನಂಬಿದರು. ಹೇಳಿ ಹೇಳಿ ನಾನೂ ಸುಮಾರಾಗಿ ನಂಬಿದ್ದೆ.

ಮಾದೇವ ನನಗಿಂತ ಎಂಟು ವರ್ಷ ಚಿಕ್ಕವನು. ಅವನು ಓಡಿಸಲು ಕಲಿತದ್ದು ನಾನು ಮೂಲೆಗೆ ಹಾಕಿದ್ದ ಗಾಡಿಯಲ್ಲಿ, ನಮ್ಮ ಹೊಗೆಸೊಪ್ಪಿನ ಹೊಲದಲ್ಲಿ. ಸೊಪ್ಪು ಮುರಿದು, ಗಿಡದ ಕಡ್ಡಿ ಕಿತ್ತ ಮೇಲೆ ಹೊಲದ ತುಂಬ ಬರೀ ಏರು ಸಾಲು ಉಳಿಯುತ್ತದೆ — ಒಂದರ ಪಕ್ಕ ಒಂದು, ಮೊಣಕಾಲೆತ್ತರ. ಅದರ ಉದ್ದಕ್ಕೆ ಯಾರು ಬೇಕಾದರೂ ಗಾಡಿ ಓಡಿಸಬಹುದು. ಇವನು ಅಡ್ಡಡ್ಡ ಓಡಿಸುತ್ತಿದ್ದ. ಮೊದಮೊದಲು ಪ್ರತಿ ಸಾಲಿಗೂ ಬೀಳುತ್ತಿದ್ದ. ಅವ್ವ ಹೊಲದ ಬದುವಿನಿಂದ ಕೂಗುತ್ತಿದ್ದಳು — ‘ಲೇ, ಗಾಡಿ ಓಡಿಸ್ತಿದ್ದೀಯೋ ಉಳುಮೆ ಮಾಡ್ತಿದ್ದೀಯೋ?’

ಒಂದು ದಿನ ನೋಡುತ್ತೇನೆ — ಅವನು ಕೂತಿಲ್ಲ. ನಿಂತಿದ್ದಾನೆ, ಮೊಣಕಾಲು ಸಡಿಲ, ಕೈ ಸಡಿಲ. ಗಾಡಿ ಸಾಲುಗಳ ನೆತ್ತಿಯನ್ನು ಮಾತ್ರ ಮುಟ್ಟಿಕೊಂಡು ಹೋಗುತ್ತಿದೆ. ಕೆಳಗೆ ಚಕ್ರ ಕುಣಿಯುತ್ತಿದೆ, ಅವನ ತಲೆ ಮಾತ್ರ ಅಲುಗುತ್ತಿಲ್ಲ. ರೇಸಿನ ಮೈದಾನದಲ್ಲೂ ಅಂಥದೇ ಸಾಲುದಿಬ್ಬಗಳಿರುತ್ತವೆ. ನನ್ನನ್ನು ಬೀಳಿಸಿದ್ದೇ ಅವು. ನನ್ನದೇ ಗಾಡಿಯಲ್ಲಿ, ಯಾರೂ ಹೇಳಿಕೊಡದೆ, ಅವನು ಅದನ್ನು ಮಾಡುತ್ತಿದ್ದ. ನನಗೆ ಮೈ ಜುಂ ಎಂದಿತು. ಅದು ಸಂತೋಷವೇ. ಸುಳ್ಳು ಹೇಳುವುದಿಲ್ಲ, ಮೊದಲು ಸಂತೋಷವೇ ಆಯಿತು.

ಮೊದಲ ವರ್ಷವೇ ಅವನು ಸಣ್ಣ ಕ್ಲಾಸು ಗೆದ್ದ. ಹೇಗೆ ಗೆದ್ದ ಎಂಬುದನ್ನು ಹೇಳಲೇಬೇಕು, ಯಾಕೆಂದರೆ ನನ್ನ ತಪ್ಪಿನ ತೂಕ ಇರುವುದೇ ಅಲ್ಲಿ. ಮೊದಲ ತಿರುವಿನಲ್ಲೇ ಯಾವನೋ ಬಂದು ಗುದ್ದಿ ಇವನನ್ನು ಕೆಡವಿದ. ಎದ್ದಾಗ ಹ್ಯಾಂಡಲ್ ಸೊಟ್ಟಗಾಗಿತ್ತು, ಎಲ್ಲರಿಗಿಂತ ಹಿಂದೆ. ನಾನು ಬೇಲಿಯ ಹತ್ತಿರ ನಿಂತು, ಮುಗಿಯಿತು ಎಂದುಕೊಂಡೆ. ಅವನು ಅವಸರ ಪಡಲಿಲ್ಲ. ಒಂದು ಸುತ್ತು ತಿರುವಿನ ಒಳಗಿನಿಂದ ಹೋದ, ಇನ್ನೊಂದು ಸುತ್ತು ಹೊರಗಿನಿಂದ. ಎಲ್ಲಿ ಮಣ್ಣು ಕೆಸರಾಗಿದೆ, ಎಲ್ಲಿ ಒಣಗುತ್ತಾ ಬಂದಿದೆ ಎಂದು ಹೊಲ ನೋಡುವವನ ಹಾಗೆ ನೋಡಿಕೊಂಡು ಹೋಗುತ್ತಿದ್ದ. ಉಳಿದವರೆಲ್ಲ ಒಂದೇ ದಾರಿಯಲ್ಲಿ ಒಬ್ಬರ ಹಿಂದೊಬ್ಬರು. ಇವನು ಯಾರೂ ಕಾಲಿಡದ ಕಡೆಯಿಂದ ಒಬ್ಬೊಬ್ಬರನ್ನೇ ದಾಟಿದ. ಕೊನೆಗೆ ಮುಂದೆ ಉಳಿದವನು ಕೆ.ಆರ್. ನಗರದ ಕಡೆಯ ಹುಡುಗ, ಒಳ್ಳೆಯ ಸವಾರ. ಅವನನ್ನು ಸಾಲುದಿಬ್ಬದ ಮೇಲೆ ದಾಟಿದ — ಅವನು ಪ್ರತಿ ದಿಬ್ಬ ಹತ್ತಿ ಇಳಿಯುತ್ತಿದ್ದರೆ ಇವನು ನೆತ್ತಿ ಮುಟ್ಟಿಕೊಂಡು...

ಆವತ್ತು ನನಗೆ ಅರ್ಥವಾಯಿತು. ಸಣ್ಣ ಕ್ಲಾಸಿನ ಕಪ್ಪು ನೋಡಿ ಯಾರ ಮುಂದಿನ ದಾರಿಯನ್ನೂ ಹೇಳಲಾಗದು. ನನ್ನ ಕಪ್ಪೂ ಅವನ ಕಪ್ಪೂ ಒಂದೇ ಅಳತೆಯವು. ಗೆದ್ದ ರೀತಿ ನೋಡಿದರೆ ಮಾತ್ರ ಹೇಳಬಹುದು. ನಾನು ಗೆದ್ದದ್ದು ಹೇಗೆಂದು ನೋಡಿದವನು ನನಗೆ ದೊಡ್ಡ ಗಾಡಿ ಕೊಡುತ್ತಿರಲಿಲ್ಲ. ಮಾದೇವ ಗೆದ್ದದ್ದನ್ನು ನೋಡಿದವನು ಎರಡನೇ ಯೋಚನೆ ಮಾಡುತ್ತಿರಲಿಲ್ಲ. ಅಷ್ಟು ಸ್ಪಷ್ಟ. ಆ ಬೇಲಿಯ ಹತ್ತಿರ ನಿಂತವರಲ್ಲಿ ಅದನ್ನು ನನ್ನಷ್ಟು ಬಲ್ಲವರು ಇರಲಿಲ್ಲವೇನೋ.

ಕೆಲವು ವಾರದ ಮೇಲೆ ದೊಡ್ಡ ಕ್ಲಾಸಿನ ತಂಡವೊಂದರ ಯಜಮಾನರು ಜೀಪಿನಲ್ಲಿ ನಮ್ಮ ಮನೆಗೆ ಬಂದರು. ವಯಸ್ಸಾದವರು, ಮೃದು ಮಾತು. ಆ ದಿನದ ರೇಸಿಗೆ ಅವರು ಬಂದಿರಲಿಲ್ಲ, ಗೆದ್ದ ಸುದ್ದಿ ಮಾತ್ರ ಕೇಳಿದ್ದರು. ಅವರ ತಂಡದಲ್ಲಿ ಒಂದೇ ಒಂದು ಗಾಡಿ ಖಾಲಿ ಇತ್ತು. ಅವ್ವ ಕಾಫಿ ಕೊಟ್ಟಳು. ಮಾದೇವ ಕಂಬಕ್ಕೆ ಒರಗಿ ನಿಂತಿದ್ದ. ದೊಡ್ಡವರು ಮಾತಾಡುವಾಗ ನಮ್ಮಲ್ಲಿ ಚಿಕ್ಕವರು ಬಾಯಿ ಹಾಕುವುದಿಲ್ಲ. ಅಪ್ಪ, ‘ನಂಗೇನು ತಿಳೀತದೆ ಸಾ, ನಮ್ಮ ದೊಡ್ಡವ್ನು ನಂಜುಂಡ ಇದ್ದಾನಲ್ಲ, ಅವ್ನೇ ಏಳ್ತಾನೆ’ ಎಂದು ನನ್ನ ಕಡೆ ಕೈ ತೋರಿಸಿದ.

ಅವರು ನನ್ನನ್ನೇ ಕೇಳಿದರು. ‘ನೊವೀಸ್ ಗೆದ್ದವರನ್ನ ನಂಬಿ ಎರಡು ಸಲ ಕೈ ಸುಟ್ಟುಕೊಂಡಿದೀನಿ ನಂಜುಂಡ. ನೀವೂ ಗೆದ್ದವರು, ಮೇಲೆ ಹೋಗಿ ನೋಡಿದವರು. ಸಣ್ಣ ಕ್ಲಾಸಿನ ಕಪ್ ನೋಡಿ ದೊಡ್ಡ ಕ್ಲಾಸಿನ ಗಾಡಿ ಕೊಡಬಹುದಾ? ನೀವೇ ಹೇಳಿ.’

ನಮ್ಮ ಕಡೆ ಒಂದು ಪದ್ಧತಿ ಇದೆ. ಬಂದವರ ಮುಂದೆ ನಮ್ಮವರನ್ನು ನಾವು ಹೊಗಳುವುದಿಲ್ಲ. ದೃಷ್ಟಿಯಾಗುತ್ತದೆ ಎಂಬ ಭಯ ಒಂದು, ಜಂಬ ಎನ್ನುತ್ತಾರೆಂಬ ಸಂಕೋಚ ಇನ್ನೊಂದು. ಹೆಣ್ಣು ನೋಡಲು ಬಂದವರಿಗೆ ‘ನಮ್ಮುಡುಗಿಗೆ ಏನೂ ಬರಾಕಿಲ್ಲ’ ಎನ್ನುತ್ತೇವೆ. ಬೆಳೆ ಚೆನ್ನಾಗಿದೆಯಲ್ಲ ಎಂದರೆ ‘ಏನೋ ಒಂದಷ್ಟು ಸೊಪ್ಪು’ ಎನ್ನುತ್ತೇವೆ. ಕೇಳುವವರು ಅದನ್ನು ತಿರುಗಿಸಿ ಅರ್ಥ ಮಾಡಿಕೊಳ್ಳಬೇಕು. ನಾನೂ ಹಾಗೆಯೇ ಹೇಳಿದೆ. ‘ಅಂಥಾದ್ದೇನಿಲ್ಲ ಬುಡಿ ಸಾ. ಗಾಳಿ ಬಂತು, ತೂರ್ಕಂಡ. ನಾನೂ ತಂದಿದ್ದೆ ಕಪ್ಪು, ಏನಾಯ್ತು? ಈಗ ಪಂಚರ್ ಹಾಕ್ತಾ ಕುಂತಿವ್ನಿ.’ ಎಲ್ಲರೂ ನಕ್ಕರು. ಮಾದೇವನೂ ನಕ್ಕ. ಅಣ್ಣ ಸರಿಯಾಗಿ ಮಾತಾಡುತ್ತಿದ್ದಾನೆ ಎಂಬ ನಗು ಅದು.

ಇಲ್ಲಿಯವರೆಗೆ ನಡೆದದ್ದು ಮನೆಯವರಿಗೆಲ್ಲ ಗೊತ್ತು. ಇದಾದ ಮೇಲಿನದು ಯಾರಿಗೂ ಗೊತ್ತಿಲ್ಲ.

ಯಜಮಾನರನ್ನು ಜೀಪಿನವರೆಗೆ ಬಿಡಲು ನಾನೊಬ್ಬನೇ ಹೋದೆ. ಅವರು ಬಾಗಿಲು ತೆರೆದು, ಹತ್ತದೆ ನಿಂತರು. ‘ನಿಮ್ಮ ಕಡೆಯವರ ಮಾತು ನನಗೂ ಗೊತ್ತು. ಒಳಗೆ ಹೇಳಿದ್ದು ಮರ್ಯಾದೆಯ ಮಾತು ಅಂತ ಇಟ್ಕೋತೀನಿ. ಈಗ ಇಲ್ಲಿ ಯಾರೂ ಇಲ್ಲ. ನಿಜ ಹೇಳಿ. ನಿಮ್ಮ ಮಾತಿನ ಮೇಲೆ ಗಾಡಿ ಕೊಡ್ತೀನಿ.’

ಎಷ್ಟು ತಿಳಿದವರು — ನನಗೆ ತಪ್ಪಿಸಿಕೊಳ್ಳಲು ಅವರು ಒಂದು ಬಾಗಿಲನ್ನೂ ಬಿಡಲಿಲ್ಲ. ನಾನು ಮಾದೇವನ ಓಟವನ್ನು ನೆನೆದೆ. ನಿಜವಾಗಿಯೂ ನೆನೆದೆ. ಅದರ ಹಿಂದೆಯೇ ಇನ್ನೊಂದು ಬಂತು. ಇವನು ಮೇಲೆ ಹೋಗಿ ಗೆದ್ದರೆ, ಹಳ್ಳಿಯವರಿಗೆ ಅಲ್ಲಿ ಜಾಗವಿಲ್ಲ ಎಂದು ನಾನು ಹುಣಸೂರಿನ ತುಂಬ ಹೇಳಿಕೊಂಡು ಬಂದದ್ದು ಏನಾಗುತ್ತದೆ? ತಪ್ಪು ಗಾಡಿಯದಲ್ಲ, ಊರಿನದಲ್ಲ, ಸೋತದ್ದು ನಾನೇ ಎಂದು ಎಲ್ಲರಿಗೂ...

‘ನಿಜವಾಗೂ ಏಳ್ತಿದ್ದೀನಿ ಸಾ. ಅವ್ನು ದೊಡ್ಡ ಕ್ಲಾಸಿಗೆ ಆಗಾಕಿಲ್ಲ.’

ಅವರು ನನ್ನ ಕೈ ಹಿಡಿದು, ತಮ್ಮನ ಬಗ್ಗೆ ಇಷ್ಟು ನೇರವಾಗಿ ಹೇಳಿದಿರಲ್ಲ ಎಂದು ನನಗೇ ಥ್ಯಾಂಕ್ಸ್ ಹೇಳಿ ಹೋದರು.

ಆ ಗಾಡಿ ಕೆ.ಆರ್. ನಗರದ ಹುಡುಗನಿಗೆ ಸಿಕ್ಕಿತು. ಎರಡನೇ ವರ್ಷ ಅವನು ದೊಡ್ಡ ಕ್ಲಾಸಿನಲ್ಲಿ ಎರಡನೆಯವನಾಗಿ ಬಂದ. ಮಾದೇವನಿಗೆ ಸೋತವನು ಅಲ್ಲಿ ಎರಡನೆಯವನು. ನಾವಿಬ್ಬರೂ ನೋಡಲು ಹೋಗಿದ್ದೆವು. ಮಾದೇವ ಬೇಲಿಯ ಮೇಲೆ ಹತ್ತಿ ವಿಷಲ್ ಹಾಕಿದ. ‘ಎಂಥಾ ಧೈರ್ಯ ನೋಡಣ್ಣ, ದಿಬ್ಬದ ಮ್ಯಾಲೆ ಇನ್ನೂವೆ ಕುಂತೇ ಓಡಿಸ್ತಾನೆ, ಆದ್ರೂ ಬುಡ್ನಿಲ್ಲ’ ಎಂದು ಮನಸಾರೆ ಹೊಗಳಿದ. ಹೊಟ್ಟೆಕಿಚ್ಚು ಎಂಬುದು ಅವನ ಹತ್ತಿರ ಸುಳಿಯಲೇ ಇಲ್ಲ. ಒಂದೇ ಅವ್ವನ ಹೊಟ್ಟೆಯಲ್ಲಿ ಹುಟ್ಟಿದವರು ನಾವು.

ಮುಂದೆ ಅವನನ್ನು ಯಾರೂ ಕರೆಯಲಿಲ್ಲ. ಸ್ವಂತ ಗಾಡಿ ತಯಾರಿಸಿ ದೊಡ್ಡ ಕ್ಲಾಸಿಗೆ ಇಳಿಯುವ ಶಕ್ತಿ ನಮಗಿರಲಿಲ್ಲ. ಅವನು ಡ್ರೈವರ್ ಆದ. ಕೆ.ಆರ್. ನಗರದಿಂದ ಬಿಳಿಕೆರೆ, ಹುಣಸೂರು ಹಾದು ಎಚ್.ಡಿ. ಕೋಟೆಗೆ ಹೋಗುವ ಖಾಸಗಿ ಬಸ್ಸು ಅವನದು. ಅವನ ಬಸ್ಸೆಂದರೆ ಬಸುರಿ ಹೆಂಗಸರು ಕಾದು ಹತ್ತುತ್ತಾರೆ. ಗುಂಡಿ ಬಿದ್ದ ರಸ್ತೆಯಲ್ಲಿ ಅವನು ಆರಿಸಿಕೊಳ್ಳುವ ದಾರಿ ನೋಡಿದರೆ, ನೋಡಬಲ್ಲವರಿಗೆ, ಎಲ್ಲ ತಿಳಿಯುತ್ತದೆ.

ಆ ಹಳೆಯ ಕಥೆಯನ್ನು ಅವನು ತಮಾಷೆ ಮಾಡಿಕೊಂಡಿದ್ದ. ಬಸ್ಸಿನಲ್ಲಿ, ಮದುವೆ ಮನೆಗಳಲ್ಲಿ ಹೇಳುತ್ತಿದ್ದ — ‘ನಮ್ಮಣ್ಣ ದೃಷ್ಟಿ ಆಯ್ತದೆ ಅಂತ ಏನಿಲ್ಲ ಬುಡಿ ಅಂದ. ಆ ಸಾವ್ಕಾರ ನಿಜ ಅಂದ್ಕಬುಟ್ಟ. ನಮ್ ಕಡೆ ಮಾತೇ ತಿಳೀದೋನು, ಇನ್ನ ರೇಸ್ ಏನು ತಿಳೀತು ಅವ್ನಿಗೆ?’ ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅಷ್ಟು ತಿಳಿದ ಮನುಷ್ಯನನ್ನು ದಡ್ಡನನ್ನಾಗಿ ಮಾಡಿ, ವರ್ಷಗಟ್ಟಲೆ.

ಮೊನ್ನೆ ಅವನ ಬಸ್ಸಿನಲ್ಲೇ ಹುಣಸೂರಿಗೆ ಬರುತ್ತಿದ್ದೆ. ಯಜಮಾನರು ತೀರಿಕೊಂಡ ಸುದ್ದಿ ಅವನಿಗೆ ಬಂದಿತ್ತು. ಕಂಡಕ್ಟರನಿಗೆ ಹೇಳುತ್ತಿದ್ದ, ‘ಪಾಪ, ಓಗ್ಬುಟ್ರಂತೆ ಕಣ್ಲಾ. ಮಾತು ತಿಳೀನಿಲ್ಲ ಅನ್ನೋದು ಬುಟ್ರೆ ಒಳ್ಳೆಯೋರು.’ ಅದನ್ನು ಕೇಳಿ ನನಗೆ ಕೂರಲು ಆಗಲಿಲ್ಲ. ಬಿಳಿಕೆರೆಯಲ್ಲಿ ಟೀ ಕುಡಿಯಲು ಬಸ್ಸು ನಿಂತಾಗ ಅವನನ್ನು ಆಚೆ ಕರೆದು ಜೀಪಿನ ಹತ್ತಿರ ನಡೆದದ್ದನ್ನು ಹೇಳಿದೆ. ಅವರು ಕೇಳಿದ್ದು, ನಾನು ಹೇಳಿದ್ದು, ಎರಡನ್ನೂ.

ಅವನು ಟೀ ಲೋಟ ಹಿಡಿದುಕೊಂಡೇ ನಿಂತಿದ್ದ. ಬೈಯಲಿಲ್ಲ. ಯಾಕೆ ಹಾಗೆ ಮಾಡಿದೆ ಎಂದೂ ಕೇಳಲಿಲ್ಲ. ಬೇರೆಯದೇ ಒಂದು ಕೇಳಿದ. ‘ನಾನು ದೊಡ್ಡ ಕ್ಲಾಸಿಗೆ ಆಯ್ತೀನಿ ಅಂತ ನಿಂಗೆ ಅವಾಗ್ಲೇ ಗೊತ್ತಿತ್ತಾ?’

ಆಗ ಹೊಳೆಯಿತು ನನಗೆ. ಇಷ್ಟು ವರ್ಷ ನಗುನಗುತ್ತಾ ಆ ಕಥೆ ಹೇಳುತ್ತಿದ್ದವನ ಒಳಗೆ ಇದೊಂದು ಪ್ರಶ್ನೆ ಕೂತಿತ್ತು. ಅಣ್ಣ ಹೇಳಿದ್ದು ಬರೀ ಮರ್ಯಾದೆಯ ಮಾತೋ, ಅಥವಾ ನಾನು ನಿಜಕ್ಕೂ ಅಷ್ಟೇನಾ... ಕೇಳಲು ಹೆದರಿದ್ದ. ನಾನು ಕಿತ್ತುಕೊಂಡದ್ದು ಗಾಡಿಯೊಂದನ್ನೇ ಅಲ್ಲ.

‘ಗೊತ್ತಿತ್ತು’ ಎಂದೆ. ‘ನೀನು ಹೊಲದಲ್ಲಿ ಓಡಿಸೋದು ನೋಡಿದಾಗ್ಲೇ ಗೊತ್ತಿತ್ತು.’

ಅವನು ಲೋಟ ಇಟ್ಟ. ‘ನೀನು ಇಂದ್ಗಡೆ ಬರೋ ಬಸ್ಸಲ್ಲಿ ಬಾ’ ಎಂದ. ಅಣ್ಣ ಎನ್ನಲಿಲ್ಲ. ಹತ್ತಿ ಕೂತು ಬಸ್ಸು ಬಿಟ್ಟ.

ನಾನು ಅಲ್ಲೇ ನಿಂತಿದ್ದೆ. ಟೀ ಅಂಗಡಿಯವನಿಗೆ ನಮ್ಮಿಬ್ಬರ ಪರಿಚಯ. ‘ಇದೇನ್ ನಂಜುಂಡಣ್ಣ, ತಮ್ಮನ ಬಸ್ಸು ಬುಟ್ಬುಟ್ಟು ಇಲ್ ನಿಂತ್ಬುಟ್ಟೆ?’ ಎಂದ. ಏನಾದರೂ ಹೇಳಿ ನಕ್ಕುಬಿಡಬಹುದಿತ್ತು. ಅದು ನನಗೆ ಚೆನ್ನಾಗಿ ರೂಢಿ. ಬೆಂಚಿನ ಮೇಲೆ ಕೂತು, ಯಾಕೆ ನಿಂತೆ ಎಂಬುದನ್ನು ಅವನಿಗೆ ಮೊದಲಿನಿಂದ ಹೇಳಿದೆ. ಅವನು ಒಲೆ ಸಣ್ಣ ಮಾಡಿ ಕೇಳಿದ, ನಗಲಿಲ್ಲ. ಆವತ್ತಿನಿಂದ ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ. ಮದುವೆ ಮನೆಗಳಲ್ಲಿ ಆ ತಮಾಷೆ ಕೇಳಿ ನಕ್ಕವರು ಇನ್ನೂ ಬಹಳ ಜನ ಇದ್ದಾರೆ. ಅವರಿಗೂ ತಲುಪಲಿ ಎಂದು ಇದನ್ನು ಬರೆದೆ.