ಜಗಲಿಯ ಮೇಲಿನ ಅಂಚೆ ಕಚೇರಿ

1983ರ ಮಾರ್ಚ್ ಕೊನೆಯಲ್ಲಿ ನಮ್ಮೂರಿನ ಶಾಖಾ ಅಂಚೆ ಕಚೇರಿಯನ್ನು ಮುಚ್ಚಲಾಯಿತು. ಆವತ್ತು ಸಂಜೆ ಕೊನೆಯ ಚೀಲದ ಬಾಯಿಗೆ ದಾರ ಬಿಗಿದು, ಮೇಣದ ಬತ್ತಿಯ ಉರಿಗೆ ಅರಗು ಹಿಡಿದು, ಗಂಟಿನ ಮೇಲೆ ತೊಟ್ಟಿಕ್ಕಿಸಿ ಮೊಹರು ಒತ್ತಿದ ಪೋಸ್ಟಮ್ಮನ ಕೈಯನ್ನು ನಾನು ಹತ್ತಿರದಿಂದ ನೋಡಿದೆ. ತೋರುಬೆರಳು, ಹೆಬ್ಬೆರಳುಗಳ ತುದಿಯಲ್ಲಿ ಚರ್ಮ ಗೆರೆಗಳನ್ನು ಕಳೆದುಕೊಂಡು ಹುಣಸೆ ಬೀಜದಂತೆ ನುಣ್ಣಗಾಗಿತ್ತು. ವರ್ಷಗಟ್ಟಲೆ ಬಿಸಿ ಅರಗು ಬಿದ್ದು ಸುಟ್ಟ ಜಾಗ ಅದು. ಕಾದ ಹೆಂಚು ತಾಗಿದರೂ ಆ ಬೆರಳಿಗೆ ಗೊತ್ತಾಗುವುದಿಲ್ಲ ಎಂದು ಅವರೇ ಹೇಳುತ್ತಿದ್ದರು.

ಗುಬ್ಬಿಯಿಂದ ಕುಣಿಗಲ್ ಕಡೆಗೆ ಹೋಗುವ ದಾರಿಯಿಂದ ಸಾಕಷ್ಟು ಒಳಗಿರುವ ಊರು ನಮ್ಮದು. ಆಗ ಬಸ್ಸು ಊರೊಳಕ್ಕೆ ಬರುತ್ತಿರಲಿಲ್ಲ. ಅವರ ಗಂಡ ಅಲ್ಲಿ ಪೋಸ್ಟ್‌ಮಾಸ್ಟರಾಗಿದ್ದು, ಎಪ್ಪತ್ತರ ದಶಕದ ಮೊದಲಲ್ಲಿ ಕಾಮಾಲೆಯಾಗಿ ತೀರಿಕೊಂಡರು. ಮಿಡ್ಲ್ ಸ್ಕೂಲ್ ಪಾಸು ಮಾಡಿದ್ದ ಹೆಂಡತಿಗೆ ಇಲಾಖೆ ಅದೇ ಕೆಲಸ ಕೊಟ್ಟಿತು. ಅದು ಸಂಬಳದ ಕೆಲಸವಲ್ಲ, ಭತ್ಯೆಯದು. ಕೊನೆಗೆ ಪಿಂಚಣಿ ಎಂಬುದೂ ಇರಲಿಲ್ಲ. ಕಚೇರಿಗೆ ಜಾಗವನ್ನು ಕೆಲಸ ಮಾಡುವವರೇ ಒದಗಿಸಬೇಕಿತ್ತು. ಅವರು ಮನೆಯ ಜಗಲಿಯ ಒಂದು ಬದಿಗೆ ಬಿದಿರ ತಟ್ಟಿ ಕಟ್ಟಿಸಿ, ಒಳಗೆ ಒಂದು ಮೇಜು, ತಕ್ಕಡಿ, ಮುದ್ರೆ ಇಟ್ಟುಕೊಂಡರು. ಹೊರಗೋಡೆಯ ಮೇಲೆ ಕೆಂಪು ಡಬ್ಬ. ಮಕ್ಕಳಿರಲಿಲ್ಲ. ಊರು ಅವರನ್ನು ಪೋಸ್ಟಮ್ಮ ಎಂದು ಕರೆಯಿತು. ನಮ್ಮದು ಪಕ್ಕದ ಮನೆ.

ಓದು ಬಾರದವರು ಕಾಗದ ಬರೆಸಲು ಬಂದರೆ ಅವರು ಮೊದಲು ವಿಳಾಸ ಕೇಳುತ್ತಿದ್ದರು. ಸುದ್ದಿ ಆಮೇಲೆ. ಯಾರಾದರೂ ಅಳುತ್ತ ಸುದ್ದಿಯಿಂದಲೇ ಶುರುಮಾಡಿದರೆ, "ತಡಿಯವ್ವ, ಯಾವೂರು, ಯಾವ ತಾಲ್ಲೂಕು, ಯಾರ ಮಗ, ಅದನ್ ಹೇಳು. ಅಳೋದು ಒಳಗೆ ಬರ್ಕೊಳನ" ಎನ್ನುತ್ತಿದ್ದರು. ಮುಂದೆ ನಾನು ತುಮಕೂರಿನಲ್ಲಿ ಪತ್ರಿಕೆಯೊಂದಕ್ಕೆ ಸೇರಿದಾಗ ಹಿರಿಯ ವರದಿಗಾರರು ಹೇಳಿಕೊಟ್ಟ ಮೊದಲ ಪಾಠವೂ ಹೆಚ್ಚುಕಡಿಮೆ ಅದೇ ಆಗಿತ್ತು.

ಬಂದ ಟಪಾಲನ್ನು ಮನೆಮನೆಗೆ ಹಂಚಲು ಬಟವಾಡೆಯವನೊಬ್ಬನಿದ್ದ. ಆದರೆ ಮೂಲೆಗೆ ಕಪ್ಪು ಶಾಯಿ ಹಚ್ಚಿದ ಸಾವಿನ ಕಾರ್ಡನ್ನು ಪೋಸ್ಟಮ್ಮ ಅವನ ಕೈಗೆ ಕೊಡುತ್ತಿರಲಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು ತಾವೇ ಹೋಗುತ್ತಿದ್ದರು. ಬಾಗಿಲಲ್ಲಿ ನಿಂತು, "ಊಟ ಆಯ್ತಾ?" ಎಂದು ಕೇಳುತ್ತಿದ್ದರು. ಆಗಿಲ್ಲವೆಂದರೆ ಅದೂ ಇದೂ ಮಾತಾಡುತ್ತ ಕೂತು, ಉಂಡ ಮೇಲೆ ಮನೆಯವರನ್ನು ಹೊರಗೆ ಕರೆದು ಕಾರ್ಡು ಓದಿ ಹೇಳುತ್ತಿದ್ದರು. ಸೂತಕದ ಸುದ್ದಿ ತಿಳಿದ ಮೇಲೆ ಸ್ನಾನವಾಗುವವರೆಗೆ ಯಾರೂ ತುತ್ತು ಮುಟ್ಟುವಂತಿಲ್ಲ. ದೂರದ ಊರಿಗೆ ಹೊರಟವರಿಗೆ ಆ ದಿನ ಅನ್ನವೇ ಸಿಗದೆ ಹೋಗಬಹುದು. ಅದಕ್ಕಾಗಿ ಈ ಪದ್ಧತಿ.

ಇದರಿಂದ ಒಂದು ತೊಂದರೆಯಾಯಿತು. ಊರಿನಲ್ಲಿ ಎಲ್ಲರೂ ಎಲ್ಲರನ್ನೂ ದಿನವೂ ಕೇಳುವ ಆ ಮಾತನ್ನು ಅವರು ಮಾತ್ರ ಕೇಳುವ ಹಾಗಿರಲಿಲ್ಲ. ಒಮ್ಮೆ ನಮ್ಮ ಮನೆಗೆ ಸುಮ್ಮನೆ ಬಂದವರು ಮರೆತು, "ಊಟ ಆಯ್ತೇನಮ್ಮ?" ಎಂದುಬಿಟ್ಟರು. ನನ್ನ ತಾಯಿ ಕೈಯಲ್ಲಿದ್ದ ಮೊರವನ್ನು ಕೆಳಗೆ ಹಾಕಿ, "ಯಾರು? ನಮ್ಮಣ್ಣನಾ?" ಎಂದು ಕೂಗಿಕೊಂಡರು.

"ಅಯ್ಯೋ, ನಿಮ್ಮಣ್ಣ ಗುಂಡುಕಲ್ಲಿದ್ದಂಗವ್ನೆ, ಬುಡು! ಬಾಯ್ತಪ್ಪಿ ಬಂತು ಕಣೇ" ಎಂದು ಪೋಸ್ಟಮ್ಮ ನಕ್ಕರು. ತಾಯಿ ನಗಲಿಲ್ಲ. ಅಂದಿನಿಂದ ಪೋಸ್ಟಮ್ಮ, "ಏನ್ ಸಾರು ಇವತ್ತು?" ಎಂದು ಕೇಳತೊಡಗಿದರು.

ವೃದ್ಧಾಪ್ಯ ವೇತನ ಮನಿಯಾರ್ಡರಿನಲ್ಲಿ ಬರುತ್ತಿದ್ದ ಕಾಲ. ಹಣ ಬರುವ ದಿನಗಳಲ್ಲಿ ಮುದುಕಿಯರು ಬೆಳಗಿನಿಂದಲೇ ಜಗಲಿಯ ಮೇಲೆ ಕಾಲು ಚಾಚಿ ಕೂತಿರುತ್ತಿದ್ದರು. ಕಣ್ಣು ಪೊರೆ ಬಂದಿದ್ದ ಒಬ್ಬ ಅಜ್ಜಿಯ ಮಗ ಒಂದು ಸಲ ತಾನೇ ಬಂದು ನಿಂತ.

"ಅವ್ವಂಗೆ ಆಗಕ್ಕಿಲ್ಲ, ಪೋಸ್ಟಮ್ಮ. ನನ್ ಕೈಲೇ ಕೊಡಿ."

"ಹೆಬ್ಬೆಟ್ಟು ಯಾರ್ದು?"

"ಅವ್ವಂದು."

"ದುಡ್ಡೂ ಅವಳ್ದೇ. ಹೊತ್ಕೊಂಡಾದ್ರೂ ಬಾ, ಹೋಗು. ಅವಳು ನಿನ್ನ ಹೊತ್ತಿರ್ನಿಲ್ವಾ?"

ಅವನು ಗೊಣಗುತ್ತ ಹೋಗಿ ತಾಯಿಯನ್ನು ಎತ್ತಿಕೊಂಡೇ ಬಂದ. ಪೋಸ್ಟಮ್ಮ ಹಣವನ್ನು ಅಜ್ಜಿಯ ಮಡಿಲಿಗೆ ಹಾಕಿ, ಎಷ್ಟೆಂದು ಜಗಲಿಯವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಿದರು. ಹಾಗೆ ಹೇಳಿದ ಮೇಲೆ ಮನೆಯಲ್ಲಿ ಅದನ್ನು ಕಿತ್ತುಕೊಳ್ಳುವುದು ಸುಲಭವಾಗಿರಲಿಲ್ಲ.

1982ರ ಬೇಸಿಗೆಯಲ್ಲಿ ಅಂಚೆ ಇನ್ಸ್‌ಪೆಕ್ಟರ್ ಸೈಕಲ್ಲಿನಲ್ಲಿ ಬಂದರು. ನಡುವಯಸ್ಸಿನ, ಮೆತ್ತಗಿನ ಮನುಷ್ಯ. ಮಜ್ಜಿಗೆ ಕುಡಿದು ತಪಾಸಣೆ ಮುಗಿಸಿ, ಹೇಳಲಾರದೆ ಹೇಳಿದರು. ಈ ಕಚೇರಿಯ ಖರ್ಚು ಜಾಸ್ತಿ, ಹುಟ್ಟುವಳಿ ಕಡಿಮೆ. ಇಲಾಖೆಯೇ ನಷ್ಟದಲ್ಲಿದೆ. ಮುಂದಿನ ತಪಾಸಣೆಯ ಹೊತ್ತಿಗೆ ಆದಾಯ ಮೇಲೆ ಬರದಿದ್ದರೆ ಮುಚ್ಚುವುದಕ್ಕೆ ಬರೆಯಬೇಕಾಗುತ್ತದೆ.

"ಇಷ್ಟು ಮನಿಯಾರ್ಡರ್ ಕೊಡ್ತೀನಲ್ಲ ಸ್ವಾಮಿ, ಅದು ಲೆಕ್ಕಕ್ಕಿಲ್ವಾ?" ಎಂದು ಪೋಸ್ಟಮ್ಮ ಕೇಳಿದರು.

"ಕಮಿಷನ್ ಹುಟ್ಟೋದು ದುಡ್ಡು ಕಟ್ಟಿದ ಕಡೆ, ಪೋಸ್ಟ್‌ಮಾಸ್ಟ್ರೇ. ನೀವು ಕೊಡೋ ಕಡೆಯೋರು. ಅದು ಬರೀ ಕೆಲಸ."

ಸುದ್ದಿ ಹೋಟೆಲಿಗೆ ಮುಟ್ಟಿತು. ಪಂಚಾಯಿತಿ ಚೇರ್ಮನ್ನರು ಅಲ್ಲೇ ಕೂತಿದ್ದರು. ಅವರಿಗೆ ತಕ್ಷಣ ಉಪಾಯ ಹೊಳೆಯಿತು. "ಆದಾಯ ತಾನೆ ಬೇಕು? ಮನೆಮನೆಯೋರೂ ಕಾರ್ಡ್ ತಗೊಳ್ರಲಾ, ಬರೀರಿ. ಡಬ್ಬ ತುಂಬಿ ಚೆಲ್ಲಬೇಕು. ಅದೆಂಗ್ ಮುಚ್ಚಾರು ನೋಡನ!"

"ಯಾರಿಗೆ ಬರೀಯದು, ಚೇರ್ಮನ್ರೇ? ನಮ್ ನೆಂಟ್ರೆಲ್ಲ ಈ ಬೀದಿಲೇ ಅವ್ರೆ" ಎಂದು ಯಾರೋ ಹೇಳಿದರು.

"ಈ ಬೀದಿಯೋನು ಆ ಬೀದಿಯೋನಿಗೆ ಬರೀಲಿ. ಕಾಸು ಕಾಸೇ ಅಲ್ವೇನ್ಲಾ?"

ಹಾಗೇ ಆಯಿತು. ಕಾರ್ಡು ಎಲ್ಲಕ್ಕಿಂತ ಅಗ್ಗವಾಗಿದ್ದರಿಂದ ಎಲ್ಲರೂ ಕಾರ್ಡನ್ನೇ ಕೊಂಡರು. ಎದುರು ಮನೆಯವರು ಎದುರು ಮನೆಯವರಿಗೆ 'ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ' ಎಂದು ಬರೆದರು. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಕಾರ್ಡಿನಲ್ಲಿ ಬೈದಾಡಿಕೊಂಡು, ಅದೇ ನೆಪದಲ್ಲಿ ಮತ್ತೆ ಮಾತು ಶುರುಮಾಡಿದರು. ಗೂಳೂರು, ಕೋರದ ನೆಂಟರಿಗೆ ವಿನಾಕಾರಣ ಕಾರ್ಡುಗಳು ಹೋದವು. ಏನು ಕೆಡುಕಾಯಿತೋ ಎಂದು ಗಾಬರಿಯಾಗಿ ಕೆಲವರು ಬಂದೇ ಬಿಟ್ಟರು. ಪೋಸ್ಟಮ್ಮ ದಿನವೂ ಮುದ್ರೆ ಹೊಡೆದು ಹೊಡೆದು ಭುಜ ನೋಯುತ್ತದೆಂದು ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಆದರೆ ಅಷ್ಟು ಗೆಲುವಾಗಿ ಅವರನ್ನು ನಾನು ಹಿಂದೆಂದೂ ನೋಡಿರಲಿಲ್ಲ. "ನಮ್ಮೂರ್ನೋರು ಬುಟ್ಕೊಡಾಕಿಲ್ಲ ಕಣೋ" ಎಂದು ನನಗೂ ಹೇಳಿದರು.

ಇನ್ಸ್‌ಪೆಕ್ಟರ್ ಮತ್ತೆ ಬಂದದ್ದು ಜನವರಿಯಲ್ಲಿ. ಅದು ಶನಿವಾರ. ಭಾನುವಾರದ ರಜೆಗೆಂದು ತುಮಕೂರಿನಿಂದ ಒಂದು ದಿನ ಮೊದಲೇ ಊರಿಗೆ ಹೋಗಿದ್ದ ನಾನು ನಮ್ಮ ಜಗಲಿಯಲ್ಲಿದ್ದೆ, ಮಾತೆಲ್ಲ ಕೇಳುತ್ತಿತ್ತು. ಚೇರ್ಮನ್ನರು ಎದೆಯುಬ್ಬಿಸಿ ನಿಂತಿದ್ದರು. ಇನ್ಸ್‌ಪೆಕ್ಟರ್ ಲೆಕ್ಕದ ಪುಸ್ತಕವನ್ನು ಬಹಳ ಹೊತ್ತು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಬರೀ ಕಾರ್ಡೇ ಯಾಕ್ ಮಾರಿದ್ರಿ, ಅಮ್ಮ?"

"ಅದೇ ಕೇಳಿದ್ರು, ಅದೇ ಕೊಟ್ಟೆ."

"ಕಾರ್ಡಿಗೆ ಜನ ಕೊಡೋ ಕಾಸು ಅದನ್ನ ಮುಟ್ಟಿಸೋ ಖರ್ಚಿಗೂ ಸಾಲದು. ಬಡವರು ಬರೀಲಿ ಅಂತ ಸರ್ಕಾರ ಕೈಯಿಂದ ಹಾಕಿ ನಡೆಸೋದು ಅದನ್ನ. ಇನ್‌ಲ್ಯಾಂಡು, ರಿಜಿಸ್ಟರು ಹೋಗಿದ್ರೆ ನಾನೇನಾದ್ರೂ ಬರೀಬಹುದಿತ್ತು. ನೀವು ಒಂದೊಂದು ಕಾರ್ಡ್ ಮಾರ್ದಾಗ್ಲೂ ನಷ್ಟ ಒಂದಿಷ್ಟು ಏರಿದೆ."

ಚೇರ್ಮನ್ನರು, "ಅಂದ್ರೆ ನಾವೇ ಮುಚ್ಚಿಸ್ದಂಗಾಯ್ತಾ ಸಾರ್?" ಎಂದರು. ಇನ್ಸ್‌ಪೆಕ್ಟರ್ ಪುಸ್ತಕ ಮುಚ್ಚಿ ಸೈಕಲ್ಲಿನ ಕಡೆ ನಡೆದರು. ಆವತ್ತು ಅವರು ಮಜ್ಜಿಗೆಯನ್ನೂ ಕುಡಿಯಲಿಲ್ಲ.

ಮಾರ್ಚಿನಲ್ಲಿ ಆದೇಶ ಬಂತು. ತಕ್ಕಡಿ, ಮುದ್ರೆ, ಮೊಹರು, ಬೋರ್ಡು ಎಲ್ಲ ಗುಬ್ಬಿಗೆ ಹೋದವು. ಪೋಸ್ಟಮ್ಮನ ಕೆಲಸವೂ ಹೋಯಿತು. ನಮ್ಮೂರಿನ ಟಪಾಲನ್ನು ಪಕ್ಕದೂರಿನ ಕಚೇರಿಗೆ ಸೇರಿಸಿದರು, ಬಟವಾಡೆಯವನೂ ಅಲ್ಲಿಗೆ ಸೇರಿದ. ಡಬ್ಬ ಮಾತ್ರ ಗೋಡೆಯ ಮೇಲೆ ಉಳಿಯಿತು. ಅದರ ಬೀಗದ ಕೈ ಬಟವಾಡೆಯವನ ಹತ್ತಿರ. ಅವನು ಬಂದು ತೆಗೆದುಕೊಂಡು ಹೋಗುತ್ತಾನೆ ಎಂದರು. ಚೇರ್ಮನ್ನರು ಕೊಂಡು, ಬರೆಯದೆ ಉಳಿಸಿದ್ದ ಒಂದು ಕಟ್ಟು ಕಾರ್ಡನ್ನು ತಂದು ಜಗಲಿಯ ಮೇಲಿಟ್ಟು ಹೊರಟುಹೋದರು. ಪೋಸ್ಟಮ್ಮ ಅದನ್ನು ಟ್ರಂಕಿನಲ್ಲಿಟ್ಟರು.

ನಾನು ಪತ್ರಿಕೆಗೆ ಸುದ್ದಿ ಬರೆಯುತ್ತೇನೆಂದಾಗ ಅವರು, "ಇನ್ಸ್‌ಪೆಕ್ಟರ್ ಹೆಸರು ಹಾಕ್ಬೇಡ ಕಣೋ. ಅವನೂ ಹೆಂಡ್ತಿ ಮಕ್ಕಳಿರೋನು" ಎಂದರು. ಹಾಕಲಿಲ್ಲ. ಸುದ್ದಿ ಒಳಪುಟದಲ್ಲಿ ನಾಲ್ಕು ಸಾಲು ಬಂತು.

ಬಟವಾಡೆಯವನಿಗೆ ಈಗ ಸುತ್ತಲ ಹಳ್ಳಿಗಳೆಲ್ಲ ಸೇರಿದ್ದವು. ಮೊದಲು ದಿನ ಬಿಟ್ಟು ದಿನ ಬಂದ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಬಂದಾಗ ಬಂದ. ಮುದುಕಿಯರ ಹಣವನ್ನು ದಾರಿಯಲ್ಲಿ ಸಿಕ್ಕ ಮಕ್ಕಳ ಕೈಗೆ ಕೊಟ್ಟು ಹೋಗುತ್ತಿದ್ದಾನೆಂದು ಊರಿನವರು ಹೇಳಿದರು. ಪೊರೆಗಣ್ಣಿನ ಅಜ್ಜಿ ಗೋಡೆ ಹಿಡಿದುಕೊಂಡು ಜಗಲಿಗೆ ಬಂದು, "ನನ್ ದುಡ್ಡು ಬಂತೇನವ್ವ?" ಎಂದು ಕೇಳುವುದನ್ನು ಬಿಡಲಿಲ್ಲ. "ಇಲ್ಲಿಗ್ ಬರಾಕಿಲ್ಲ ಕಣಜ್ಜಿ" ಎಂದು ಪೋಸ್ಟಮ್ಮ ಪ್ರತಿಸಲವೂ ಹೇಳುತ್ತಿದ್ದರು. ಅಜ್ಜಿ ಮುಂದಿನ ಮಳೆಗಾಲದಲ್ಲಿ ತೀರಿಕೊಂಡಿತು. ಕೊನೆಯ ತಿಂಗಳುಗಳಲ್ಲಿ ಅದು ಬೀದಿಯವರ ಮನೆಗಳಲ್ಲಿ ಉಂಡಿತು.

ಊರಿಗೆ ಹೋದಾಗಲೆಲ್ಲ ಪೋಸ್ಟಮ್ಮ ಡಬ್ಬದ ಕೆಳಗೇ ಕೂತು ಅವರೆಕಾಯಿ ಸುಲಿಯುವುದನ್ನೋ ಬತ್ತಿ ಹೊಸೆಯುವುದನ್ನೋ ನೋಡುತ್ತಿದ್ದೆ. ಅವರ ಕೆಲಸ ಈಗ ತಿರುವುಮುರುವಾಗಿತ್ತು. ಯಾರಾದರೂ ಕಾಗದ ಹಿಡಿದು ಬಂದರೆ, "ಹಾಕ್ಬೇಡ, ಹಾಕ್ಬೇಡ! ತೆಗೆಯೋರಿಲ್ಲ. ಗುಬ್ಬಿಗ್ ಹೋಗೋರ ಕೈಲಿ ಕೊಟ್ಕಳ್ಸು" ಎಂದು ತಡೆಯುತ್ತಿದ್ದರು. ಡಬ್ಬವನ್ನು ಒಡೆದು ತೆಗೆದರಾಯಿತಲ್ಲ ಎಂದು ನಾನೊಮ್ಮೆ ಹೇಳಿದೆ.

"ಅದು ಸರ್ಕಾರದ್ದಪ್ಪ" ಎಂದರು. ಡಬ್ಬದ ಧೂಳನ್ನು ಸೆರಗಿನಿಂದ ಒರೆಸಿ, "ಅದೂ ಹೋದ್ರೆ ಇಲ್ಲೊಂದು ಪೋಸ್ಟಾಫೀಸಿತ್ತು ಅಂತ ಯಾರಿಗ್ ಗೊತ್ತಾಗ್ತದೆ?" ಎಂದರು.

1985ರ ಹೊತ್ತಿಗೆ ನಮ್ಮ ಮನೆಯವರು ಊರು ಬಿಟ್ಟು ಕ್ಯಾತ್ಸಂದ್ರಕ್ಕೆ ಬಂದರು. ಹೊರಡುವ ದಿನ ಪೋಸ್ಟಮ್ಮ ನಮ್ಮ ಹೊಸ ವಿಳಾಸವನ್ನು ನನ್ನಿಂದ ಹೇಳಿಸಿಕೊಂಡು ತಮ್ಮ ನಡುಮನೆಯ ಗೋಡೆಯ ಮೇಲೆ, ಊರು ಬಿಟ್ಟ ಉಳಿದವರ ವಿಳಾಸಗಳ ಕೆಳಗೆ, ಇದ್ದಿಲಿನಲ್ಲಿ ಬರೆದುಕೊಂಡರು. ಪಿನ್‌ಕೋಡನ್ನು ಎರಡು ಸಲ ಕೇಳಿದರು. ಆಮೇಲೆ ನಾನು ಊರಿಗೆ ಹೋಗಲಿಲ್ಲ.

1986ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಕುಣಿಗಲ್ಲಿನಿಂದ ಅವರ ತಮ್ಮ ಬಂದು ಕ್ರಿಯೆ ನಡೆಸಿದರು. ಹನ್ನೊಂದನೆಯ ದಿನದ ತಿಥಿಗೆ ಕರೆಯಲು ಟ್ರಂಕಿನಲ್ಲಿದ್ದ ಕಾರ್ಡುಗಳನ್ನೇ ತೆಗೆದು, ಮೂಲೆಗೆ ಕಪ್ಪು ಹಚ್ಚಿ, ಗೋಡೆಯ ಮೇಲಿದ್ದ ವಿಳಾಸಗಳನ್ನು ನೋಡಿಕೊಂಡು ಬರೆದರು. ಬರೆದು ಹೊರಗೋಡೆಯ ಡಬ್ಬಕ್ಕೆ ಹಾಕಿದರು. ಡಬ್ಬವನ್ನು ತೆಗೆಯುವವರಿಲ್ಲವೆಂದು ಹೊರಗಿನವರಾದ ಅವರಿಗೆ ಗೊತ್ತಿರಲಿಲ್ಲ. ಡಬ್ಬದ ಕೆಳಗೆ ಕೂತು ಬೇಡವೆನ್ನುವವರು ಇರಲಿಲ್ಲ. ತಿಥಿಗೆ ಹೊರಗಿನಿಂದ ಯಾರೂ ಬರಲಿಲ್ಲ ಎಂದು ಆಮೇಲೆ ತಿಳಿಯಿತು.

ನನಗೆ ಬರೆದಿದ್ದ ಕಾರ್ಡು ಜೂನ್ ತಿಂಗಳಲ್ಲಿ ಬಂತು. ನಡುಹಗಲು, ಕ್ಯಾತ್ಸಂದ್ರದ ಮನೆಯ ಬಾಗಿಲ ಸಂದಿಯಿಂದ ಅದನ್ನು ಒಳಗೆ ತಳ್ಳಿ ಪೋಸ್ಟ್‌ಮ್ಯಾನ್ ಸೈಕಲ್ ಹತ್ತಿ ಹೋದ. ಗುಬ್ಬಿಯ ಮುದ್ರೆ ಸ್ಪಷ್ಟವಾಗಿತ್ತು, ತಾರೀಖು ಜೂನ್ ತಿಂಗಳದೇ. ವಿಳಾಸದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನಮ್ಮ ಊಟ ಆಗಿರಲಿಲ್ಲ.