ಸರ್ವೇ ಸಾಹೇಬರು ಬರೆದುಕೊಳ್ಳುವ 'ಇಲ್ಲ'

ಅಬ್ಬಿಗೆರೆಯಲ್ಲಿ ಎಷ್ಟು ಜನರ ಹೊಟ್ಟೆಯಲ್ಲಿ, ಎಷ್ಟು ದನಗಳ ಮೈಯಲ್ಲಿ ಲಾಡಿಹುಳು ಇದೆ ಎಂದು ತಿಳಿಯಲು ನಮ್ಮ ಬೀದಿಗೆ ಬರುವ ಸರ್ವೇ ಸಾಹೇಬರಷ್ಟು ಸಜ್ಜನರನ್ನು ನೀವು ಕಂಡಿರಲಾರಿರಿ; ಮಲ ಎಂಬ ಪದ ಅವರ ಬಾಯಲ್ಲಿ ಈವರೆಗೆ ಬಂದಿಲ್ಲ. ಮನೆಮನೆಗೂ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು, ಮುಖ ಆಚೆ ತಿರುಗಿಸಿ, "ಬೆಳಿಗ್ಗೆದು ಸ್ವಲ್ಪ ಹಾಕಿಡಿ" ಎನ್ನುತ್ತಾರೆ. ಏನು ಎಂದು ಮಾತ್ರ ಹೇಳುವುದಿಲ್ಲ. ಪಡೆದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಕಲಿತ ನಮ್ಮ ಹೆಂಗಸರು ಅದನ್ನು ಫಳಫಳ ತೊಳೆದು, ಒಂದು ಚಮಚ ಸಕ್ಕರೆ ಹಾಕಿ ಕೊಡುತ್ತಾರೆ. ಸಾಹೇಬರು ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡು 'ಇಲ್ಲ' ಎಂದು ಬರೆದುಕೊಳ್ಳುತ್ತಾರೆ. ಕೊಟ್ಟಿಗೆಯ ಮುಂದೆ ನಿಂತು, "ದನ ಹೆಂಗಿದೆ ಲಕ್ಕಣ್ಣ?" ಎಂದರೆ, "ಮೇಯ್ತಾ ಐತೆ ಸ್ವಾಮಿ" ಎಂಬ ಉತ್ತರ. ಅಲ್ಲಿಗೆ ಇನ್ನೊಂದು 'ಇಲ್ಲ'. ಅದು ಮೇಯುವುದು ನಮ್ಮದೇ ಚರಂಡಿ ನೀರು ಕುಡಿದು ಬೆಳೆದ ಹುಲ್ಲನ್ನು. ನಮ್ಮ ಹೊಟ್ಟೆಯ ಹುಳುವಿನ ಮೊಟ್ಟೆ ದನದ ಮೈ ಸೇರಿ, ಅರೆಬೆಂದ ಮಾಂಸದೊಂದಿಗೆ ತಿನ್ನುವವರ ಹೊಟ್ಟೆಗೇ ವಾಪಸು ಬರುತ್ತದೆ. ಸಾಹೇಬರ ಹಾಳೆಗೆ ಮಾತ್ರ ಬರುವುದಿಲ್ಲ. ಆ ಹಾಳೆಯನ್ನು ನಂಬಿ ಮೇಲಿನವರು ನಮ್ಮ ಬೀದಿಗೆ ಒಂದು ಮಾತ್ರೆಯನ್ನೂ ಕಳಿಸಿಲ್ಲ. ಮೊನ್ನೆ, ನಾಲ್ಕು ತಿಂಗಳಿಂದ ಸೊರಗುತ್ತಿರುವ ಟೈಲರ್ ಮಲ್ಕಾ, ನಾಚಿಕೆ ಬದಿಗಿಟ್ಟು ಡಬ್ಬಿ ಹಿಡಿದು ಗೇಟಿನಲ್ಲೇ ಕಾದಿದ್ದಳು. "ಬಿಳಿ ಲಾಡಿ ತರ ತುಂಡು ಬಿದ್ದೈತೆ ಸಾರ್. ಇದ್ರಲ್ಲೇ ಹಾಕಿದೀನಿ, ನೋಡಿ." ಸಾಹೇಬರು ಕರ್ಚೀಫನ್ನು ಮೂಗಿಗೊತ್ತಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, ಬಹಳ ಮರ್ಯಾದೆಯಿಂದಲೇ ಹೇಳಿದರು: "ತೊಳೆದು ಕೊಡಮ್ಮ."