ಮೂರು ನಿಮಿಷ ಸುಮ್ಕಿರಾಕ ಆಗ್ಲಿಲ್ಲ

ನಿಮ್ಮ ಮನ್ಯಾಗ ಮೂರು ನಿಮಿಷ ಯಾರೂ ಮಾತಾಡದಂಗ ಇರ್ತೀರೇನ್ರಪ್ಪ? ನಮ್ಮನ್ಯಾಗ ಇವತ್ತು ಆಗ್ಲಿಲ್ಲ.

ಟಿವಿಗೆ ಸೌಂಡ್‌ಬಾರ್ ಅನ್ನೋ ಹೊಸ ಸ್ಪೀಕರ್ ಕೂಡ್ರಸಾಕ ಹೊಸಪೇಟೆಯಿಂದ ಟೆಕ್ನಿಷಿಯನ್ ನಮ್ಮ ಟಿ.ಬಿ. ಡ್ಯಾಂ ಕ್ವಾರ್ಟರ್ಸಿಗೆ ಬಂದಿದ್ದ. ಸೋಫಾದ ಮ್ಯಾಲ ಸಣ್ಣ ಮೈಕ್ ಇಟ್ಟ. "ಈಗ ಟುಂಯ್ ಟುಂಯ್ ಅಂತೈತ್ರಿ. ಸದ್ದು ಗ್ವಾಡಿಗೆ ಬಡದು ಎಷ್ಟೊತ್ತಿಗೆ ವಾಪಸ್ ಬರ್ತೈತಿ ಅಂತ ಮೈಕ್ ಅಳೀತೈತಿ. ಆಮ್ಯಾಲ ಸ್ಪೀಕರ್ ಒಂದೊಂದು ಸದ್ದನ್ನ ಚೂರು ತಡ ಮಾಡಿ ಕಳಸ್ತೈತಿ. ಕಿವಿ ಮೋಸ ಹೋಗಿ, ದೊಡ್ಡ ಹಾಲ್‌ನಾಗ ಕುಂತೀನಿ ಅನ್ಕೊಂತೈತಿ. ಮೂರು ನಿಮಿಷ ಪಿಟಕ್ ಅನ್‌ಬ್ಯಾಡ್ರಿ" ಅಂದ.

ಶುರುವಾಗಿ ಅರ್ಧ ನಿಮಿಷಕ್ಕ ಎದುರುಮನಿ ಗಂಗಮ್ಮ ಹೆಪ್ಪಿಗೆ ಮೊಸರು ಕೇಳಾಕ ಬಂದ್ರು. ನಮ್ಮವ್ವ, "ಬರ್ರಿ, ಕುಂದ್ರಿ, ಚಾ ಕುಡೀರಿ!" ಅಂದ್ಲು.

"ಮತ್ತ ಮೊದ್ಲಿಂದ ಮಾಡ್ಬೇಕ್ರಿ" ಅಂದ ಟೆಕ್ನಿಷಿಯನ್.

ಗಂಗಮ್ಮ ಮೊಸರು ಒಯ್ದಮ್ಯಾಲ ಎರಡನೇ ಸಲ ಶುರು ಮಾಡಿದ್ವಿ. ಬಟ್ಲದ ಮುಚ್ಚಳ ಮರತೀನಂತ ಅವ್ರು ಮತ್ತ ಬಂದ್ರು. ಅವ್ವನ ಬಾಯಿ ತೆರೀತು, ನಾ ಕೈ ಅಡ್ಡ ಹಿಡದೆ. ಗಂಗಮ್ಮಗ ಇನ್ನೊಂದು ಕೈಲೆ ಸುಮ್ಕಿರಂತ ಸನ್ನಿ ಮಾಡಿದೆ. ಹೋಗ್ರಿ ಅಂದಂಗ ಕಂಡಿರ್ಬೇಕು, ಮಾರಿ ಸಣ್ಣ ಮಾಡ್ಕೊಂಡು ಹೊಳ್ಳಿ ಹೋದ್ರು.

"ಮನಿಗೆ ಬಂದೋರ್ನ ಬರ್ರಿ ಅನ್ನಬಾರ್ದಂದ್ರ, ಅದೆಂಥಾ ದೊಡ್ಡ ಹಾಲ್‌ಲೇ ನಿಂದು?" ಅಂತ ಅವ್ವ ಚಪ್ಲಿ ಮೆಟ್ಕೊಂಡು ಗಂಗಮ್ಮನ್ನ ಸಮಾಧಾನ ಮಾಡಾಕ ಹೋದ್ಲು. ಇನ್ನೂ ಬಂದಿಲ್ಲ.

ಮೂರನೇ ಸಲಕ್ಕ ಅಳತಿ ಮುಗೀತು, ಟೆಕ್ನಿಷಿಯನ್ನೂ ಹೋದ. ಹಳೇ ಸಂಗೀತ ಕಛೇರಿ ಒಂದನ್ನ ಕಾನ್ಸರ್ಟ್ ಹಾಲ್ ಮೋಡ್‌ನಾಗ ಹಚ್ಚೀನಿ. ಬೆನ್ನ ಹಿಂದ ಸಾವಿರ ಮಂದಿ ಚಪ್ಪಾಳಿ ಹೊಡದಂಗ ಕೇಳ್ತೈತಿ, ಭಾಳ ಮಸ್ತ್ ಐತಿ.

ಸಾವಿರ ಮಂದಿ ಬಂದಾರ, ಬರ್ರಿ ಅನ್ನಾಕ ಮನ್ಯಾಗ ಅವ್ವ ಇಲ್ಲ.